ಬೇಳೆ ಬೇಯುವ ನೀರು

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ಮನೆಯ ಹಿತ್ತಲ ಬಾಗಿಲು ಹಸಿರು ಬಣ್ಣದ್ದೆಂದು ನನ್ನ ನೆನಪು. ಅದಕ್ಕೆ ಬಣ್ಣವೇ ಇರಲಿಲ್ಲ ಎಂದು ಮಗಳು ಒಮ್ಮೆ ಬೇರೆ ಯಾವುದೋ ಮಾತಿನ ನಡುವೆ ಹೇಳಿದಳು. ಆ ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ನೆರಳು ಬಂದು ನಿಂತದ್ದನ್ನು ನಾನು ಕಂಡೆನೆಂದು ಕೆಲವು ದಿನ ಖಚಿತವಾಗಿ ಅನ್ನಿಸುತ್ತದೆ. ಇನ್ನು ಕೆಲವು ದಿನ ಅದು ಆಡಿನ ನೆರಳು. ಕಣ್ಣಾರೆ ಕಂಡೆ ಅನ್ನುವವನ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರದ ಗುರುಗಳು ಹೇಳಿಕೊಟ್ಟಿದ್ದರು. ಆ ಪಾಠವನ್ನು ನಾನು ಬಹಳ ವರ್ಷ ಬೇರೆಯವರ ಮೇಲೆಯೇ ಪ್ರಯೋಗಿಸಿದೆ.

ಇದನ್ನೆಲ್ಲ ಕೆದಕಿದ್ದು ಕಲಾಯಿಯ ವಾಸನೆ. ಮೂರು ವರ್ಷಗಳ ಹಿಂದೆ ಸಿಂಧನೂರಿನಿಂದ ಹೊರಟಿದ್ದ ನನ್ನ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಇಳಿದು ನೆರಳು ಹುಡುಕಿಕೊಂಡು ಹೋದೆ. ಬೇವಿನ ಮರದ ಕೆಳಗೆ ಒಬ್ಬ ಕಲಾಯಿ ಹಾಕುವವನು ತಿದಿ ಒತ್ತುತ್ತ ಕುಳಿತಿದ್ದ. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದು ಬಿಳಿ ಹೊಗೆ ಎದ್ದಿತು. ಆ ಹೊಗೆ ಮೂಗಿಗೆ ಚುಚ್ಚಿದ ಕೂಡಲೇ ನಾನು ಮಸ್ಕಿಯಲ್ಲಿರಲಿಲ್ಲ. ಲಿಂಗಸೂಗೂರಿನಲ್ಲಿ ಛಾವಣಿ ಎಂದು ಕರೆಯುವ ಹಳೆಯ ದಂಡಿನ ಜಾಗದಲ್ಲಿ, 1955ರ ಬೇಸಿಗೆಯಲ್ಲಿ, ಬೇರೆಯವರ ಕೊಡಗಳಿಗೆ ಕಲಾಯಿ ಹಾಕಿಸುವುದನ್ನು ನೋಡುತ್ತ ಸುಮ್ಮನೆ ನಿಂತಿದ್ದೆ.

ಅದಕ್ಕೂ ಹಿಂದಿನ ಚಳಿಗಾಲದಲ್ಲಿ ನಾವು ಹೈದರಾಬಾದಿನಲ್ಲಿದ್ದೆವು. ಮನೆಯಲ್ಲಿ ನಾನು ಮತ್ತು ಮಗಳು ನೀಲಾ, ಇಬ್ಬರೇ. ಹೆಂಡತಿ ಶಂಕ್ರಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನೀಲಾಗೆ ಹದಿನಾಲ್ಕು. ಎರಡು ತಿಂಗಳು ಬಿಡದೆ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹಾಗಾಗಿದ್ದಳು. ಈ ಗಲ್ಲಿಯಲ್ಲಿ ಅವಳನ್ನು ಇಟ್ಟುಕೊಂಡು ಔಷಧ ಕೊಡುವುದರಲ್ಲಿ ಅರ್ಥವಿಲ್ಲ, ಒಣ ಹವೆಯ ಸಣ್ಣ ಊರಿಗೆ ಹೋಗಿ, ದಿನಾಲು ಬಯಲಲ್ಲಿ ಅಡ್ಡಾಡಲಿ ಎಂದರು ವೈದ್ಯರು. ನನ್ನ ಕೆಲಸ ಅದಕ್ಕೆ ಅಡ್ಡಿಯಾಗಿರಲಿಲ್ಲ. ನಲವತ್ತೆಂಟರಲ್ಲಿ ಪೋಲೀಸ್ ಆಕ್ಷನ್ ಆಗಿ ನಿಜಾಮನ ಆಡಳಿತ ಮುಗಿದಮೇಲೆ ತಹಸೀಲು ಕಚೇರಿಗಳಲ್ಲಿ ಹಳೆಯ ಉರ್ದು ಕಾಗದಗಳು ರಾಶಿ ಬಿದ್ದಿದ್ದವು. ಅವನ್ನು ಕನ್ನಡಕ್ಕೆ ಇಳಿಸಲು ಪುಟಕ್ಕೆ ಇಷ್ಟೆಂದು ಕೊಡುತ್ತಿದ್ದರು. ಉರ್ದು ಮಾಧ್ಯಮದಲ್ಲಿ ಓದಿದ, ಕನ್ನಡ ಮನೆಮಾತಿನ ನನ್ನಂಥವರು ಆಗ ಎಲ್ಲಿ ಕೂತರೂ ಹೊಟ್ಟೆ ಹೊರೆಯಬಹುದಿತ್ತು.

ನಮ್ಮ ಹಿರಿಯರದು ರಾಯಚೂರು ಸೀಮೆಯೇ. ಹಾಗಾಗಿ ನೋಟುಬುಕ್ಕಿನಲ್ಲಿ ಮೂರು ಹೆಸರು ಬರೆದೆ: ಸಿಂಧನೂರು, ಮಸ್ಕಿ, ಲಿಂಗಸೂಗೂರು. ಅಡ್ಡಗೆರೆ, ಉದ್ದಗೆರೆ ಎಳೆದು ಬಾಡಿಗೆ, ಶಾಲೆ, ವೈದ್ಯರು, ಕಚೇರಿ ಎಂದು ಮನೆಗಳನ್ನು ಮಾಡಿದೆ. ನೀಲಾ ಅದನ್ನು ಕಸಿದುಕೊಂಡು ಕೊನೆಗೆ ಇನ್ನೆರಡು ಸೇರಿಸಿದಳು: ಹತ್ತಲು ಏನಿದೆ, ಓಡಲು ಎಷ್ಟಿದೆ.

"ಯಾವ ಊರಂತ ನೀನ ಹೇಳಬೇಕು," ಎಂದೆ. "ನೀ ಅಂದದ್ದ ಊರು."

"ಬರದು ಕೊಡ್ತೀಯೇನು?"

"ಅಪ್ಪನ ಮಾತಿಗೆ ಮುಚ್ಚಳಿಕೆ ಬೇಕಾತೇನ ನಿನಗ?"

ಅವಳು ನಕ್ಕಳು. ಬರೆದುಕೊಡಲಿಲ್ಲ ನಾನು.

ಹೊರಡುವ ದಿನ ನನ್ನ ಸೋದರತ್ತೆ ಒಂದು ಚೀಲದಲ್ಲಿ ತೊಗರಿಬೇಳೆ ಕಟ್ಟಿಕೊಟ್ಟಳು. "ಪುಸ್ತಕದಾಗ ಏನರ ಬರಕೋ. ನೀರು ಮಾತ್ರ ಬ್ಯಾಳಿ ಹಾಕಿ ನೋಡು. ಬ್ಯಾಳಿ ಬೇಯದ ಊರಾಗ ಬಾಳೇವು ಹತ್ತಂಗಿಲ್ಲ," ಎಂದಳು. ನಮ್ಮ ಸೀಮೆಯಲ್ಲಿ ಹೊಸ ಊರಿಗೆ ಹೋಗುವವರು ಹೀಗೆ ಮಾಡುವುದುಂಟು. ಸವುಳು ನೀರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಸೀನೀರಲ್ಲಿ ಕರಗುತ್ತದೆ. ಯಾರ ಮಾತನ್ನೂ ನಂಬಬೇಕಿಲ್ಲದ ಪರೀಕ್ಷೆ. ನನಗದು ಹಿಡಿಸಿತು.

ಸಿಂಧನೂರಿನಲ್ಲಿ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಎರೆಮಣ್ಣಿನ ಧೂಳು, ಕತ್ತೆಗಳ ಸಾಲು, ವಡ್ಡರ ಗುಡಿಸಲುಗಳು. ನೀರು ಬರುವುದಕ್ಕೆ ಮೊದಲೇ ಹೊಲ ನೋಡಲು ಬಂದವರ ತೆಲುಗು ಮಾತು ಚಹಾದಂಗಡಿಗಳಲ್ಲಿ ಕೇಳುತ್ತಿತ್ತು. ಖಾನಾವಳಿಯ ಹೆಂಗಸು ನನ್ನ ಕೈಯಿಂದ ಬೇಳೆಯ ಪೊಟ್ಟಣ ಇಸಿದುಕೊಂಡು ಒಳಗಿದ್ದವರಿಗೆ ಕೂಗಿ ಹೇಳಿದಳು: "ನೋಡ್ರಿಲ್ಲಿ, ಕನ್ಯಾ ನೋಡಾಕ ಬಂದಂಗ ನಮ್ಮೂರ ನೀರು ನೋಡಾಕ ಬಂದಾರ." ಆ ಕನ್ಯೆ ಒಪ್ಪಿಗೆಯಾಗಲಿಲ್ಲ. ಎರಡು ತಾಸಾದರೂ ಬೇಳೆ ಹಲ್ಲಿಗೆ ಸಿಗುತ್ತಿತ್ತು. ನೀಲಾ ಧೂಳಿಗೆ ಕೆಮ್ಮಿದಳು.

ಮಸ್ಕಿಯಲ್ಲಿ ಬಸ್ಸಿಳಿದ ಕೂಡಲೇ ಅವಳು ಗುಡ್ಡ ನೋಡಿದಳು. ಬಂಡೆಯ ಮೇಲಿನ ಹಳೆಯ ಶಾಸನದ ಅಕ್ಷರಗಳನ್ನು ನಾನು ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಿದ್ದಾಗ ಮೇಲಿನಿಂದ ಕೂಗು ಕೇಳಿತು. ಎರಡು ತಿಂಗಳ ಹಿಂದೆ ಮೆಟ್ಟಿಲು ಹತ್ತಲಾರದವಳು ದುಂಡುಗಲ್ಲುಗಳ ನಡುವೆ ಕೂತು, ನಿಂತು, ಕಾಲಾಡಿಸಿ, ತುದಿಯ ಹತ್ತಿರ ಹೋಗಿದ್ದಳು. ಇಳಿದು ಬಂದು ನೋಟುಬುಕ್ಕಿನಲ್ಲಿ ಬರೆದದ್ದು ಈಗಲೂ ನನ್ನ ಬಳಿ ಇದೆ: "ಹತ್ತಲು: ಗುಡ್ಡ. ಓಡಲು: ಕಣ್ಣು ಹೋದಷ್ಟು. ಅಪ್ಪ: ಕೆಳಗೇ ನಿಂತಿದ್ದ." ಆದರೆ ಬೇಳೆ ಅರ್ಧವೇ ಬೆಂದಿತು. ಅವಳು ಓದಬೇಕಾದ ತರಗತಿಯೂ ನಾನು ಕೆಲಸ ಮಾಡಬೇಕಾದ ಕಚೇರಿಯೂ ಅಲ್ಲಿರಲಿಲ್ಲ.

ಲಿಂಗಸೂಗೂರಿನಲ್ಲಿ ಎರಡೂ ಇದ್ದವು. ಹಿಂದೆ ಪಲ್ಟನ್ ಇದ್ದ ಜಾಗಕ್ಕೆ ಜನ ಇನ್ನೂ ಛಾವಣಿ ಎಂದೇ ಅನ್ನುತ್ತಿದ್ದರು. ದೊಡ್ಡ ದೊಡ್ಡ ಬೇವಿನ ಸಾಲು, ಪಾಳುಬಿದ್ದ ಬಂಗಲೆಗಳು, ಕವಾಯತು ನಡೆಯುತ್ತಿದ್ದ ಬಯಲು. ಅದರ ಅಂಚಿನಲ್ಲಿ ಮೂರು ಅಂಕಣದ ಮಾಳಿಗೆ ಮನೆ, ಹಿಂದೆ ಗೋಡೆ ಕಟ್ಟಿದ ಹಿತ್ತಲು, ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ. ಬಾಡಿಗೆ ಎಷ್ಟು ಕಡಿಮೆಯೆಂದರೆ ನಾನು ಎರಡು ಸಲ ಕೇಳಿದೆ.

ಮನೆ ತೋರಿಸಿದವರು ಅಂಗಡಿಯ ಅಮರಪ್ಪ ಸಾಹುಕಾರರು. "ಬಾಡಿಗಿ ಒಂದು ನೆವ ಅಷ್ಟರೀ. ಖಾಲಿ ಮನಿ ಐತಿ, ದೀಪ ಹಚ್ಚೋರು ಬೇಕಾಗ್ಯಾರ," ಎಂದರು.

"ನಿಮ್ಮದೇ ಏನ್ರಿ ಮನಿ?"

"ಈಗ ನಮ್ಮದ."

ಹಗಲೆಲ್ಲ ಇಂಥ ಮನೆಗಳ ಕಾಗದಗಳನ್ನೇ ಓದಲಿದ್ದವನು ನಾನು. ಆ 'ಈಗ' ಯಾವಾಗಿನಿಂದ ಎಂದು ಕೇಳಲಿಲ್ಲ. ಪಕ್ಕದ ಮನೆಯ ದ್ಯಾವಮ್ಮ ಮೂರು ಕಲ್ಲು ಹೂಡಿ, ಬಾವಿಯ ನೀರಲ್ಲಿ ನನ್ನ ಬೇಳೆ ಬೇಯಿಸಿಕೊಟ್ಟಳು. ಅರ್ಧ ತಾಸಿನಲ್ಲಿ ಬೆಣ್ಣೆಯಾಗಿತ್ತು.

"ಇಂಥಾ ನೀರು ಬಿಟ್ಟು ನೀವೆಲ್ಲ ಅಷ್ಟು ದೂರದ ಬಾವಿಗೆ ಯಾಕ ಹೋಗ್ತೀರಿ?" ಎಂದೆ.

"ನಮಗ ಅದು ರೂಢಿ ಆಗೈತ್ರಿ," ಎಂದು ಅವಳು ಬೂದಿ ಗೋರತೊಡಗಿದಳು.

ಸಂಕ್ರಾಂತಿ ಆದಮೇಲೆ ಆ ಮನೆ ಸೇರಿದೆವು. "ಮೊದಲ ನೀ ಬರಕೊಂಡ ಬಿಟ್ಟಿದ್ದಿ, ನನ್ನ ಸುಮ್ಮ ಕೇಳಿದಿ," ಎಂದು ನೀಲಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಬಯಲು ಅವಳನ್ನು ಎಳೆಯಿತು. ಮುಂಜಾನೆ ಎದ್ದು ಬೇವಿನ ಸಾಲಿನ ಆ ತುದಿ ಮುಟ್ಟಿ ಓಡಿ ಬರುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತಿತು, ಕೆನ್ನೆ ತುಂಬಿತು. ನಾನು ವೈದ್ಯರಿಗೆ ಕಾಗದ ಬರೆದೆ. ಸೋದರತ್ತೆಗೆ ಬೇಳೆಯ ಸಮಾಚಾರ ಬರೆದೆ. ಆ ಎರಡು ತಿಂಗಳು ನಾನು ಗೆದ್ದವನ ಹಾಗೆ ಓಡಾಡಿದ್ದು ನೆನಪಿದೆ.

ಬೇವು ಹೂ ಬಿಟ್ಟು, ಬಿಸಿಲು ಏರಿ, ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು. ಒಂದು ಸಂಜೆ ಊಟಕ್ಕೆ ಕುಳಿತಾಗ ನೀಲಾ ಸಹಜವಾಗಿ ಹೇಳಿದಳು:

"ಅಪ್ಪಾ, ಸಂತಿ ದಿನ ಮಧ್ಯಾಹ್ನ ಒಬ್ಬಾಕಿ ಬರ್ತಾಳ. ಹಿತ್ತಲ ಬಾಗಿಲದಾಗ ನಿಂತು ನೀರು ಕೇಳ್ತಾಳ. ಇವತ್ತಿಗೆ ಮೂರನೇ ಸಲ."

"ಯಾರು?"

"ಗೊತ್ತಿಲ್ಲ. ಚರಿಗಿ ಮುಟ್ಟಂಗಿಲ್ಲ, ಬೊಗಸಿ ಒಡ್ಡತಾಳ, ನಾ ಮ್ಯಾಲಿಂದ ಹಾಕ್ತೀನಿ. ಕುಡದು, ಒಂದು ಮಗಿ ತುಂಬಿಸಿಕೊಂಡು ಹೋಗ್ತಾಳ. ಒಳಗ ಬಾ ಅಂದ್ರ ಬರಂಗಿಲ್ಲ. ಅಡಿಗಿಮನಿ ಗೋಡಿ ನೋಡಕೋತ ನಿಂದರತಾಳ."

"ಮಾತಾಡಂಗಿಲ್ಲ?"

"ಈಗೂ ಬ್ಯಾಳಿ ಛಲೋ ಬೇಯ್ತಾವೇನ ಬೇಟಿ, ಅಂತ ಕೇಳಿದ್ಲು."

ಪಾತ್ರೆ ತಿಕ್ಕಲು ಬಂದಿದ್ದ ದ್ಯಾವಮ್ಮನ ಕೈ ನಿಂತಿತು. "ಯಪ್ಪಾ, ಮಟಮಟ ಮಧ್ಯಾಹ್ನ ಹುಡುಗೀನ ಬಾವಿ ಕಡೆ ಬಿಡಬ್ಯಾಡ್ರಿ. ಅಲ್ಲಿ ಗಾಳಿ ಐತಿ," ಎಂದಳು.

"ಗಾಳಿ ಬೇಕಂತನ ಡಾಕ್ಟರು ಇಲ್ಲಿಗೆ ಕಳಿಸ್ಯಾರವ್ವಾ," ಎಂದೆ.

ಅವಳು ನಗಲಿಲ್ಲ. "ಈ ಗಾಳಿ ಬ್ಯಾರೆ ಐತ್ರಿ. ಅದನ್ನ ಈ ಓಣ್ಯಾಗ ಯಾರೂ ನೋಡಂಗಿಲ್ಲ. ಬಂದರೂ ನೋಡಂಗಿಲ್ಲ."

"ಗಾಳಿ ಅಲ್ಲ," ಎಂದಳು ನೀಲಾ. "ಕಾಲು ಅದಾವ. ಹಿಮ್ಮಡ ಒಡದಾವ. ನಾನ ನೋಡೀನಿ. ಮಸ್ಕಿಯಿಂದ ಬರ್ತೀನಿ ಅಂದ್ಲು."

ಮಸ್ಕಿ. ಆ ಒಂದು ಮಾತಿಗೆ ನನ್ನ ತಲೆಯಲ್ಲಿ ಎಲ್ಲವೂ ಜೋಡಿಸಿಕೊಂಡಿತು. ಹುಡುಗಿಗೆ ಮಸ್ಕಿ ಬೇಕಿತ್ತು, ಸಿಗಲಿಲ್ಲ. ದ್ಯಾವಮ್ಮನ ದೆವ್ವದ ಮಾತು ಎಲ್ಲೋ ಕಿವಿಗೆ ಬಿದ್ದಿದೆ, ಅದಕ್ಕೆ ಒಡೆದ ಹಿಮ್ಮಡ ಅಂಟಿಸಿ ಮಸ್ಕಿಯಿಂದ ಕರೆಸಿದ್ದಾಳೆ. ಮನೆಗೆ ಹೆದರಿ ನಾನು ಊರು ಬಿಡಲಿ ಎಂದು ಲೆಕ್ಕ. ಚೆನ್ನಾಗಿ ಕಟ್ಟಿದ್ದಾಳೆ ಎಂದು ಒಳಗೊಳಗೆ ಮೆಚ್ಚಿಕೊಂಡೂ ಇದ್ದೆ.

ಮುಂದಿನ ಸಂತೆಯ ದಿನ ಕಚೇರಿಗೆ ಹೋಗದೆ ಅಡಿಗೆಮನೆಯಲ್ಲಿ ಕುಳಿತೆ. ಊರೆಲ್ಲ ಸಂತೆಗೆ ಹೋಗಿತ್ತು. ಬೇವಿನ ಹೂ ಉದುರುವುದು ಬಿಟ್ಟರೆ ಹಿತ್ತಲಲ್ಲಿ ಏನೂ ಅಲುಗುತ್ತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಬಿಸಿಲು ಬಿಳಿಯಾಗಿ ನಿಂತಿತ್ತು. ಹನ್ನೆರಡಾಯಿತು, ಒಂದಾಯಿತು. ಎಲ್ಲೋ ಒಂದು ಹೊತ್ತಿನಲ್ಲಿ ಹಿತ್ತಲ ಬಾಗಿಲ ಕೆಳಗಿನ ಬೆಳಕಿನ ಗೆರೆ ನಡುವೆ ತುಂಡಾಯಿತು. ನಾನು ಕೆಮ್ಮಿದೆ. ಗೆರೆ ಮತ್ತೆ ಪೂರ್ತಿಯಾಯಿತು. ನೋಟುಬುಕ್ಕಿನಲ್ಲಿ "ಯಾರೂ ಬರಲಿಲ್ಲ" ಎಂದು ಬರೆದೆ. ನನ್ನ ಕೈಬರಹವೇ ಅದು, ಈಗಲೂ ಇದೆ. ನೆರಳಿನ ವಿಷಯ ಅಲ್ಲಿಲ್ಲ. ಹಾಗಾದರೆ ನೆರಳು ಆಮೇಲೆ ಸೇರಿದ್ದೇ? ಅಥವಾ ಬರೆಯಬಾರದೆಂದು ಬಿಟ್ಟೆನೆ?

ಅದರ ಮುಂದಿನ ವಾರ ಚರಿಗೆ ಕಾಣೆಯಾಯಿತು.

ಅದು ಶಂಕ್ರಮ್ಮ ತವರಿನಿಂದ ತಂದ ಹಿತ್ತಾಳೆ ಚರಿಗೆ. ಕೊರಳ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ್ದರು. ಮದುವೆಯಲ್ಲಿ ಕೊಟ್ಟ ಪಾತ್ರೆಗಳಿಗೆಲ್ಲ ಹಾಗೆ ಹೆಸರು ಹಾಕಿಸುವುದು ರೂಢಿ. ಊರ ಊಟಕ್ಕೆ ಹೋದರೂ, ನೆರೆಮನೆಗೆ ಮಜ್ಜಿಗೆ ತುಂಬಿ ಹೋದರೂ ಪಾತ್ರೆ ಹೆಸರು ಹೇಳಿಕೊಂಡು ತಿರುಗಿ ಬರಬೇಕು. ಅವಳ ಪಾತ್ರೆಗಳಲ್ಲಿ ಹೈದರಾಬಾದಿನಿಂದ ನಾವು ತಂದದ್ದು ಅದೊಂದನ್ನೇ.

"ಆಕಿಗೆ ಕೊಟ್ಟೆ," ಎಂದಳು ನೀಲಾ. "ನಾ ತುಂಬೋವಾಗ ಆಕಿ ಮಗಿ ಬಾವಿ ಕಟ್ಟಿಗೆ ಬಡದು ಒಡೀತು. ಅಷ್ಟು ದೂರದಿಂದ ಬಂದು ಬರಿಗೈಲೆ ಹೋಗ್ತಾಳಂತ ಚರಿಗ್ಯಾಗ ತುಂಬಿ ಕೊಟ್ಟೆ. ಬ್ಯಾಡ ಬ್ಯಾಡ ಅಂದ್ಲು. ಬರೋ ಸಂತಿಗೆ ತಂದುಕೊಡ್ತಾಳ."

"ಬಾವ್ಯಾಗ ಬಿತ್ತಂತ ಹೇಳು. ಬಡೆಯಂಗಿಲ್ಲ."

"ಬಿದ್ದಿಲ್ಲ."

"ನೀಲಾ."

"ನೀ ಮನ್ಯಾಗ ಕುಂತಿದ್ದಿ ಆವತ್ತು, ಅದಕ ಬರಲಿಲ್ಲ ಆಕಿ. ನಿನ್ನ ನೋಡಿ ಬರಲಿಲ್ಲ."

ದ್ಯಾವಮ್ಮನ ಮನೆಯಿಂದ ಪಾತಾಳಗರಡಿ ತರಿಸಿದೆ. ಬಾವಿಗೆ ಬಿದ್ದ ಪಾತ್ರೆ ಹುಡುಕುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಅದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ತಿರುಗಿ ಬರುವವರೆಗೆ ನಿಮ್ಮದೊಂದು ಪಾತ್ರೆ ಅವರ ಮನೆಯಲ್ಲಿ ಇರಬೇಕು. ನಮ್ಮ ಒಂದು ತಂಬಿಗೆ ಇಟ್ಟುಕೊಂಡು ದ್ಯಾವಮ್ಮ ಕೊಟ್ಟಳು. ಕೊಡುವಾಗ, "ಆ ಬಾವ್ಯಾಗ ಇಳಿಸಬ್ಯಾಡ್ರಿ," ಎಂದಳು. ನಾನು ಅದನ್ನೂ ದೆವ್ವದ ಲೆಕ್ಕಕ್ಕೆ ಸೇರಿಸಿದೆ.

ಹಗ್ಗ ಇಳಿಬಿಟ್ಟು ತಳವನ್ನು ಎರಡು ಸುತ್ತು ಕೆದಕಿದಾಗ ಭಾರವಾಗಿ ಏನೋ ಸಿಕ್ಕಿತು. ಎಳೆದರೆ ತಾಮ್ರದ ಕೊಡ. ಹಸಿರು ಕಿಲುಬು, ಒಳಗೆಲ್ಲ ಕೆಸರು. ಇನ್ನೊಮ್ಮೆ ಇಳಿಸಿದರೆ ಹಂಡೆ. ಮತ್ತೆ ಇನ್ನೊಂದು ಕೊಡ. ಬಿದ್ದ ಪಾತ್ರೆಗಳಲ್ಲ ಅವು. ಕೊರಳಿಗೆ ಕೊರಳು ಸೇರಿಸಿ ಹಗ್ಗ ಕಟ್ಟಿ ಇಳಿಬಿಟ್ಟವು. ಅವಸರದಲ್ಲಿ ಊರು ಬಿಡುವವರು, ತಿರುಗಿ ಬರುತ್ತೇವೆಂದು ನಂಬಿದವರು ಹಾಗೆ ಮಾಡುತ್ತಿದ್ದರು. ಹಗ್ಗ ಕೊಳೆತಿತ್ತು, ಗಂಟು ಇನ್ನೂ ಇತ್ತು. ಚರಿಗೆ ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ಅಮರಪ್ಪ ಸಾಹುಕಾರರು ಬಂದಿದ್ದರು. ಯಾರು ಹೇಳಿ ಕಳಿಸಿದರೋ. "ಹಳೇ ಬಾವಿ ಅಂದಮ್ಯಾಲೆ ಏನರ ಇರ್ತಾವರಿ," ಎಂದರು, ಕೊಡವನ್ನು ಕಾಲಿನಿಂದ ಹೊರಳಿಸುತ್ತ.

"ಇಲ್ಲಿ ಯಾರಿದ್ರು ಮೊದಲ?" ಎಂದೆ.

"ಕರೋಡಗಿರಿ ನಾಕೆದಾಗ, ಸುಂಕದ ಕಟ್ಟ್ಯಾಗ, ಜವಾನ ಇದ್ದ ಒಬ್ಬಾಂವ. ಪೋಲೀಸ್ ಆಕ್ಷನ್ ಗದ್ದಲದಾಗ ಹೋದ್ರು. ಎಲ್ಲಿಗೆ ಹೋದ್ರೋ, ಅದಾರೋ ಇಲ್ಲೋ."

ನೀಲಾ ಕೊಡದ ಕೊರಳನ್ನು ಲಂಗದ ಅಂಚಿನಿಂದ ತಿಕ್ಕುತ್ತಿದ್ದಳು. ಕಿಲುಬಿನ ಕೆಳಗೆ ಚುಕ್ಕಿಗಳು ಎದ್ದವು. ಅವಳಿಗೆ ಉರ್ದು ಬಾರದು. ನನಗೆ ಬರುತ್ತದೆ. ಬಲದಿಂದ ಎಡಕ್ಕೆ ಸ್ಪಷ್ಟವಾಗಿ ಇತ್ತು: ಖಾಸಿಂಬೀ.

"ಏನು ಬರದಾರಪ್ಪಾ ಇದರ ಮ್ಯಾಲೆ?"

ಸಾಹುಕಾರರು ನನ್ನ ಮುಖ ನೋಡಿದರು. ಮನೆ ಅಗ್ಗದ್ದಿತ್ತು. ಹುಡುಗಿಯ ಎದೆ ವಾಸಿಯಾಗಿತ್ತು. ಅಂಥ ನೀರು ಬೇರೆ ಊರಲ್ಲಿ ಸಿಗುತ್ತಿರಲಿಲ್ಲ. ಇಲ್ಲಿ ನನ್ನ ನೆನಪು ಎರಡು ತರಹ ಇದೆ. ಒಂದರಲ್ಲಿ ನಾನು, "ಹೆಸರಲ್ಲ, ಬಳ್ಳಿ ಕೊರದಾರ," ಎಂದೆ. ಇನ್ನೊಂದರಲ್ಲಿ ಕೇಳಿಸಲಿಲ್ಲವೆಂಬಂತೆ ಹಗ್ಗ ಸುತ್ತತೊಡಗಿದೆ. ಎರಡರಲ್ಲಿ ಯಾವುದು ನಿಜವಾದರೂ ಮೂರನೆಯದು ನಡೆಯಲಿಲ್ಲ. ಓದಿ ಹೇಳಲಿಲ್ಲ ನಾನು.

ಮರುದಿನ ಸಾಹುಕಾರರು ಕಲಾಯಿಯವನನ್ನು ನಮ್ಮ ಮನೆಯ ಮುಂದಿನ ಬೇವಿನ ಕೆಳಗೇ ಕೂರಿಸಿದರು. ಹುಣಿಸೆಹುಳಿ ಹಚ್ಚಿ ತಿಕ್ಕಿ, ಕೊರಳ ಚುಕ್ಕಿಗಳನ್ನು ಅರದಿಂದ ಉಜ್ಜಿಸಿ, ಮೂರಕ್ಕೂ ಕಲಾಯಿ ಹಾಕಿಸಿ ಗಾಡಿಯಲ್ಲಿ ಇಟ್ಟುಕೊಂಡು ಹೋದರು. ದ್ಯಾವಮ್ಮನೂ ಓಣಿಯ ಇನ್ನಿಬ್ಬರು ಹೆಂಗಸರೂ ತಮ್ಮ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ನವಸಾಗರದ ಹೊಗೆ ಮನೆಯೊಳಗೆಲ್ಲ ತುಂಬಿ, ಎಷ್ಟೋ ತಿಂಗಳ ಮೇಲೆ ನೀಲಾ ಮತ್ತೆ ಕೆಮ್ಮಿದಳು.

ಅದೇ ಸಂಜೆ ನಾನು ಪೇಟೆಯಿಂದ ಬೀಗ ತಂದೆ.

"ಕೀಲಿ ಹಾಕಬ್ಯಾಡಪ್ಪಾ," ಎಂದಳು ನೀಲಾ. "ನಾಡದು ಸಂತಿ. ಚರಿಗಿ ತರ್ತಾಳ."

"ತಂದ್ರ ಮುಂದಿನ ಬಾಗಿಲಕ ಬರಲಿ."

"ಮುಂದಿನ ಬಾಗಿಲಕ ಬರಂಗಿಲ್ಲ ಆಕಿ."

"ಯಾಕ?"

"ನನಗ ಗೊತ್ತಿಲ್ಲ. ಒಂದ ಸಂತಿ ಬಿಡು. ಒಂದ ಸಂತಿ. ಅವ್ವನ ಚರಿಗಿ ಐತಿ ಆಕಿ ಹತ್ರ."

ಅವಳು ನನ್ನನ್ನು ಹಾಗೆ ಬೇಡಿಕೊಂಡದ್ದು ಅದೇ ಕೊನೆ. ನಾನು ಹಿತ್ತಲ ಬಾಗಿಲ ಸರಪಳಿಗೆ ಹೊರಗಿನಿಂದ ಬೀಗ ಹಾಕಿ, ಓಣಿ ಸುತ್ತಿ ಮುಂದಿನ ಬಾಗಿಲಿಂದ ಒಳಗೆ ಬಂದೆ. ಸಂತೆಯ ದಿನ ಕಚೇರಿಯಿಂದ ಬೇಗ ಬಂದರೆ ನೀಲಾ ಬಾವಿಯ ಕಟ್ಟೆಯ ಮೇಲೆ ಬಿಸಿಲಲ್ಲಿ ಕುಳಿತಿದ್ದಳು, ಬಾಗಿಲ ಕಡೆ ಮುಖ ಮಾಡಿ.

"ಬಂದ್ಲೇನು?" ಎಂದೆ.

ಅವಳು ಬಾಗಿಲಿಂದ ಕಣ್ಣು ತೆಗೆಯಲಿಲ್ಲ.

"ನೋಡು, ಕೀಲಿ ಹಾಕಿದ ಕೂಡಲೆ ನಿಂತಿತು," ಎಂದೆ. ತರ್ಕ ಓದಿದವನು ನಾನು. ದೆವ್ವವಾದರೆ ಬೀಗಕ್ಕೆ ನಿಲ್ಲಬೇಕಿಲ್ಲ. ಬೀಗಕ್ಕೆ ನಿಲ್ಲುವುದು ಮನುಷ್ಯರು ಮಾತ್ರ. ಆ ಪುರಾವೆ ನನ್ನದೇ ಬಾಗಿಲಲ್ಲಿ ತೂಗಾಡುತ್ತಿತ್ತು. ದೆವ್ವ ಇಲ್ಲವೆಂದು ಸಾಧಿಸುವ ಆತುರದಲ್ಲಿ, ಯಾರೂ ಬಂದಿಲ್ಲವೆಂದೇ ತೀರ್ಮಾನ ಮಾಡಿಬಿಟ್ಟಿದ್ದೆ. ಓಣಿಯವರು ಅವಳನ್ನು ಗಾಳಿ ಎಂದರು, ನಾನು ಸುಳ್ಳು ಎಂದೆ. ಒಟ್ಟಿನಲ್ಲಿ ಅವಳನ್ನು ನೋಡಿದ್ದು ಒಂದು ಹುಡುಗಿ ಮಾತ್ರ.

ನೀಲಾ ಅತ್ತದ್ದು ನನಗೆ ಕಾಣಲಿಲ್ಲ. ಮತ್ತೆ ಆ ಮಾತು ಎತ್ತಲೂ ಇಲ್ಲ. ನಿಧಾನವಾಗಿ ಬೇರೆ ಮಾತುಗಳೂ ನಿಂತವು. ಶಾಲೆಯಲ್ಲಿ ಏನಾಯಿತು ಅಂದರೆ "ಏನಿಲ್ಲ". ಬಯಲಲ್ಲಿ ಎಲ್ಲಿಯವರೆಗೆ ಓಡಿದಿ ಅಂದರೆ "ಹಿಂಗ". ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ನನಗೇ ಆ ಹಿತ್ತಲಲ್ಲಿ ನಿಲ್ಲುವುದಾಗುತ್ತಿರಲಿಲ್ಲ. ಬೀಗ ಹಾಕಿದ ಬಾಗಿಲು ನೋಡಿದರೆ ಅದರಾಚೆ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸುತ್ತಿತ್ತು. ಎದ್ದು ಹೋಗಿ ಬೀಗ ತೆಗೆದು ನೋಡಿದ್ದರೆ ಮುಗಿಯುತ್ತಿತ್ತು. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅನ್ನಕ್ಕೆ ಹಾಕಿದ ಬೇಳೆ ಬೆಣ್ಣೆಯ ಹಾಗೆ ಕರಗುತ್ತಿತ್ತು, ಬಾಯಿಗೆ ಹತ್ತುತ್ತಿರಲಿಲ್ಲ.

ಮೃಗಶಿರಾ ಮಳೆ ಬೀಳುವುದರೊಳಗೆ ಆ ಮನೆ ಬಿಟ್ಟೆವು. ಕಚೇರಿ ದೂರ ಎಂದು ಸಾಹುಕಾರರಿಗೆ ಏನೋ ಕಾರಣ ಹೇಳಿದೆ. ಹಳೆಯ ನೋಟುಬುಕ್ಕು ತೆಗೆದು ನೀಲಾ ಮುಂದೆ ಇಟ್ಟೆ.

"ಈ ಸಲ ಬರದು ಕೊಡ್ತೀನಿ. ಮಸ್ಕಿನೋ ಸಿಂಧನೂರೋ?"

"ನಿನಗ ಹ್ಯಾಂಗ ಅನುಕೂಲನೋ ಹಂಗ ಮಾಡು," ಎಂದಳು. ಹದಿನಾಲ್ಕರ ಹುಡುಗಿ, ನೆಂಟರ ಮನೆಗೆ ಬಂದವರಂತೆ ಮಾತಾಡಿದಳು. ನಾವು ಸಿಂಧನೂರಿಗೆ ಹೋದೆವು. ಆಮೇಲೆ ಕಾಲುವೆಗೆ ನೀರು ಬಂತು, ಧೂಳು ಅಡಗಿತು. ಅವಳು ಓದಿದಳು, ಬಳ್ಳಾರಿಯಲ್ಲಿ ಮೇಷ್ಟರಮ್ಮ ಆದಳು, ಮದುವೆಯಾದಳು. ವಾರಕ್ಕೊಂದು ಕಾಗದ ತಪ್ಪದೆ ಬರುತ್ತದೆ. ಅದರಲ್ಲಿ ಮಳೆ ಎಷ್ಟಾಯಿತು, ಬಿಸಿಲು ಹೇಗಿದೆ, ನಿನ್ನ ಮೊಣಕಾಲು ಹೇಗಿದೆ ಎಂದು ಇರುತ್ತದೆ. ನನ್ನ ಮಗಳು ಏನು ಯೋಚಿಸುತ್ತಾಳೆಂದು ತಿಳಿಯಬಹುದಾದ ಕಾಗದ ಹದಿನೆಂಟು ವರ್ಷದಲ್ಲಿ ಒಂದೂ ಬಂದಿಲ್ಲ.

ಮಸ್ಕಿಯ ಬೇವಿನ ಕೆಳಗೆ, ಬಸ್ಸು ಕೆಟ್ಟ ಆ ದಿನ, ಕಲಾಯಿಯವನು ನನಗೆ ಕೂರಲು ಗೋಣಿತಟ್ಟು ಹಾಸಿದ. ಮೂವತ್ತೈದರ ಆಸುಪಾಸಿನ ಆಳು, ಹೆಸರು ಹುಸೇನ್‌ಸಾಬ. ಮಾತಿಗೆ ಮಾತು ಬಂದು, ನಾನು ಹಿಂದೆ ಲಿಂಗಸೂಗೂರಿನಲ್ಲಿದ್ದೆ ಎಂದೆ.

"ಎಲ್ಲಿರಿ?"

"ಛಾವಣ್ಯಾಗ."

"ನಮ್ಮದೂ ಮೊದಲ ಅಲ್ಲೇರಿ. ಬಯಲ ದಂಡಿಗೆ, ಹಿತ್ತಲದಾಗ ಬಾವಿ ಇದ್ದ ಮನಿ. ನಮ್ಮ ಅಬ್ಬಾ ಗದ್ದಲದಾಗ ಹೋದಮ್ಯಾಲೆ ಮಾಮಾನ ಹತ್ರ ಈ ಊರಿಗೆ ಬಂದ್ವಿ. ಅಮ್ಮಾಗ ಆ ಬಾವಿ ಬಿಡವಲ್ದು. ಮಸ್ಕಿ ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ನೆವ ಮಾಡಿ ಸಂತಿ ಸಂತಿಗೆ ಹೋಗಾಕಿ. ಒಂದು ಮಗಿ ನೀರಿಗೆ ಅಷ್ಟು ದೂರ ಹೋಗ್ತಾರೇನ್ರಿ ಯಾರರ? ನಾವು ನಗತಿದ್ವಿ."

ಅವನು ತಿದಿ ಒತ್ತಿದ.

"ಕಡಿಗೆ ಅಲ್ಲೊಂದು ಹುಡುಗಿ ಬಂದಿತ್ತಂತ. ಭಾಳ ಛಲೋ ಹುಡುಗಿ ಅಂತಿದ್ಲು. ಆ ಹುಡುಗಿ ಚರಿಗಿ ಇಸಗೊಂಡು ಬಂದಾಳ, ತಿರುಗಿ ಕೊಡಾಕ ಹೋದ್ರ ಬಾಗಿಲಕ ಕೀಲಿ. ಮೂರು ಸಂತಿ ಹೋದ್ಲ್ರಿ. ಮೂರೂ ಸಲ ಕೀಲಿ."

"ಮುಂದಿನ ಬಾಗಿಲಕ ಹೋಗಬೇಕಿತ್ತಲ್ಲ," ಎಂದೆ. ಮಾತು ಬಾಯಿಂದ ಹಾಗೆಯೇ ಬಂತು.

ಹುಸೇನ್‌ಸಾಬ ನನ್ನನ್ನು ವಿಚಿತ್ರವಾಗಿ ನೋಡಿದ. "ತನ್ನ ಮನಿ ಮುಂದ ತಾನ ನಿಂತು, ಯಾರದಾರ ಮನ್ಯಾಗ ಅಂತ ಕೂಗಬೇಕಿತ್ತೇನ್ರಿ ಸಾಹೇಬ್ರ?"

ಆಮೇಲೆ ಬೇವಿನ ಹಿಂದಿದ್ದ ತನ್ನ ಮನೆಯೊಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದ. "ಅಮ್ಮಾ ಹೋಗಿ ಐದು ವರ್ಷ ಆತು. ಇದು ನಮ್ಮದಲ್ಲ, ಅಮಾನತ್ ಐತಿ, ನಂಬಿ ಕೊಟ್ಟದ್ದು, ಯಾರರ ಕೇಳಿಕೊಂಡು ಬಂದ್ರ ಕೊಡು ಅಂದಾಳ. ನಿಮಗ ಆ ಮನ್ಯಾಗ ಇದ್ದವರ ಗುರುತು ಐತೇನ್ರಿ?"

ಅವನು ಗಂಟು ಬಿಚ್ಚುವುದಕ್ಕೆ ಮೊದಲೇ ಬಸ್ಸಿನ ಹಾರನ್ ಕೇಳಿತು. ನಾನು ಎದ್ದೆ. "ಇಲ್ಲ" ಎಂದೆನೋ, ಏನೂ ಹೇಳದೆ ಓಡಿದೆನೋ. ಇದೂ ಎರಡು ತರಹ ನೆನಪಿದೆ.

ಮೂರು ವರ್ಷ ನಾನು ನನ್ನೊಡನೆ ವಾದ ಮಾಡಿದೆ. ಗಂಟಿನಲ್ಲಿ ಏನಿತ್ತೆಂದು ನಾನು ನೋಡಿಲ್ಲ. ಬಾವಿ ಇದ್ದ ಮನೆಗಳು ಛಾವಣಿಯಲ್ಲಿ ಬೇರೆಯೂ ಇದ್ದಿರಬಹುದು. ಚರಿಗೆ ಬೇರೆಯ ಹುಡುಗಿಯದಿರಬಹುದು. ಅವಳು ಮೂರು ಸಂತೆ ಬೀಗದ ಮುಂದೆ ನಿಂತದ್ದಕ್ಕೆ ಸಾಕ್ಷಿ ಯಾರು? ಅಡಿಗೆಮನೆಯ ಗೋಡೆ ನೋಡುತ್ತ ಅವಳು ಏನು ನೋಡುತ್ತಿದ್ದಳು? ಇವನ್ನು ಯಾರೂ ಈಗ ಪರೀಕ್ಷಿಸಲಾರರು.

ಪರೀಕ್ಷಿಸಬಹುದಾದದ್ದು ಒಂದಿತ್ತು. ಕಳೆದ ತಿಂಗಳು ಮತ್ತೆ ಮಸ್ಕಿಗೆ ಹೋದೆ. ಬಸ್ಸು ಕೆಟ್ಟಿರಲಿಲ್ಲ, ನಾನೇ ಇಳಿದೆ. ಹುಸೇನ್‌ಸಾಬನಿಗೆ ಆ ಬೀಗ ಹಾಕಿದವನು ನಾನು ಎಂದು ಹೇಳಿದೆ. ಅವನು ಬಹಳ ಹೊತ್ತು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಎದ್ದು ಗಂಟು ತಂದು ನನ್ನ ಕೈಗೆ ಕೊಟ್ಟ. ಬಿಸಿಲಿಗೆ ಹಿಡಿದು ಬಿಚ್ಚಿದೆ. ಒಳಗೆ ಹೊಸ ಕಲಾಯಿ ಹೊಳೆಯುತ್ತಿತ್ತು. ವರ್ಷಕ್ಕೊಮ್ಮೆ ಹಾಕುತ್ತ ಬಂದಿದ್ದರಂತೆ, ಮೊದಲು ಮಾಮ, ಆಮೇಲೆ ಅವನು. ಒಂದು ದಿನವೂ ಬಳಸಿದ ಗುರುತಿಲ್ಲ. ಕೊರಳ ಕೆಳಗಿನ ಚುಕ್ಕಿಗಳನ್ನು ಯಾರೂ ಉಜ್ಜಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಬೆರಳಿನಿಂದ ಮುಟ್ಟಿ ಇನ್ನೊಮ್ಮೆ ಓದಿದೆ. ಶಂಕ್ರಮ್ಮ ಎಂದೇ ಇತ್ತು.